ತಾಳೆಯಾಗದ ಲೆಕ್ಕ: ಗಣಿತದ ಮೇಷ್ಟ್ರು, ಬಿಷಪ್ ಕೊಲೆನ್ಸೊ ಪ್ರಕರಣ

ಗುಡಾರದ ಅಗಲ 10 ಮೊಳ. ಮೊಳಕ್ಕೆ 1.8 ಅಡಿಯಂತೆ 18 ಅಡಿ. ಒಬ್ಬ ಗಂಡಸು ನಿಲ್ಲಲು 2 ಅಡಿ ಬೇಕೆಂದರೆ ಗುಡಾರದ ಮುಂದೆ ಒಂದು ಸಾಲಿಗೆ 9 ಜನ ಹಿಡಿಯುತ್ತಾರೆ. ಸೇರಬೇಕಾದವರು 6,03,550 ಮಂದಿ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟರೆ ಕೊನೆಯ ಸಾಲು ಬಾಗಿಲಿನಿಂದ ಎಷ್ಟು ದೂರ?

ಮಾಧ್ಯಮಿಕ ಶಾಲೆಯ ಹುಡುಗರು ಬಿಡಿಸಬಹುದಾದ ಲೆಕ್ಕ. 9ರಿಂದ ಭಾಗಿಸಿದರೆ 67 ಸಾವಿರದ ಚಿಲ್ಲರೆ ಸಾಲು, ಒಂದೂವರೆಯಿಂದ ಗುಣಿಸಿದರೆ ಒಂದು ಲಕ್ಷ ಅಡಿಗೆ ಮೇಲೆ, ಮೈಲಿಗೆ 5,280 ಅಡಿಯಂತೆ 19 ಮೈಲಿ. ಬೈಬಲಿನ ಯಾಜಕಕಾಂಡ 8ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ಸಭೆಯನ್ನೆಲ್ಲ ದೇವದರ್ಶನದ ಗುಡಾರದ ಬಾಗಿಲಿಗೆ ಕರೆಸಬೇಕೆಂದು, ಅವರನ್ನು ಐಗುಪ್ತದಿಂದ (ಈಜಿಪ್ಟಿನಿಂದ) ಹೊರತಂದ ಮುಂದಾಳು ಮೋಶೆಗೆ ಅಪ್ಪಣೆಯಾಗುತ್ತದೆ, ಸಭೆ ಬಂದು ಸೇರುತ್ತದೆ. 19 ಮೈಲಿ ಉದ್ದದ ಸಾಲು ಯಾವ ಬಾಗಿಲಲ್ಲಿ ಸೇರಿದಂತಾಯಿತು?

1862ರಲ್ಲಿ ಈ ಪ್ರಶ್ನೆಯನ್ನು ಅಚ್ಚು ಹಾಕಿಸಿದವರು ನಾಸ್ತಿಕರಲ್ಲ. ಇಂಗ್ಲೆಂಡಿನ ಚರ್ಚು ದಕ್ಷಿಣ ಆಫ್ರಿಕದ ನಟಾಲ್ ವಸಾಹತಿಗೆ ನೇಮಿಸಿದ್ದ ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ. ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗಳಿಗೆ ಆ ಹೆಸರು ಮೊದಲೇ ಪರಿಚಿತ. ಇಪ್ಪತ್ತು ವರ್ಷದಿಂದ ಅಲ್ಲಿನ ಮಕ್ಕಳು ಅವರ ಅಂಕಗಣಿತದ ಪುಸ್ತಕ ಹಿಡಿದೇ ಭಾಗಾಕಾರ ಕಲಿತಿದ್ದರು. ಅವರ ಮೇಲೆ ಎದ್ದ ಗದ್ದಲವನ್ನು ಸಾಮಾನ್ಯವಾಗಿ ಧರ್ಮಶಾಸ್ತ್ರದ ಜಗಳವೆಂದು ಬರೆಯುತ್ತಾರೆ. ಅವರ ಲೆಕ್ಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅದು ಮೇಷ್ಟ್ರ ಚಾಳಿಯ ಪ್ರಕರಣವಾಗಿ ಕಾಣುತ್ತದೆ. ಉತ್ತರ ಬಂದಮೇಲೆ ತಾಳೆ ನೋಡದೆ ಪುಟ ತಿರುವಬಾರದೆಂಬ ಚಾಳಿ ಅದು.

ಸಾಲ, ಬೆಂಕಿ, ಪಠ್ಯಪುಸ್ತಕ

ಕೊಲೆನ್ಸೊ ಹುಟ್ಟಿದ್ದು 1814ರ ಜನವರಿ 24ರಂದು, ಕಾರ್ನ್‌ವಾಲ್ ಪ್ರಾಂತ್ಯದ ಸೇಂಟ್ ಆಸ್ಟೆಲ್ ಊರಿನಲ್ಲಿ. ಅದು ತವರದ ಗಣಿಗಳ ಸೀಮೆ. ತಂದೆ ಗಣಿಯ ವ್ಯವಹಾರದವರು. ಗಣಿಗೆ ನೀರು ನುಗ್ಗಿ ಮನೆತನ ಕೈಬರಿದಾಯಿತು. ಹುಡುಗ ಶಾಲೆಯೊಂದರಲ್ಲಿ ಸಹಾಯಕ ಉಪಾಧ್ಯಾಯನಾಗಿ ದುಡಿದು 1832ರಲ್ಲಿ ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದ, ಅದೂ 'ಸೈಜರ್' ಆಗಿ. ಸೈಜರ್ ಎಂದರೆ ಶುಲ್ಕದಲ್ಲಿ, ಊಟದ ಖರ್ಚಿನಲ್ಲಿ ರಿಯಾಯಿತಿ ಪಡೆದು ಓದುವ ಬಡ ವಿದ್ಯಾರ್ಥಿ. 1836ರ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಟ್ರಿನಿಟಿ ಕಾಲೇಜಿನ ಆರ್ಚಿಬಾಲ್ಡ್ ಸ್ಮಿತ್ ಮೊದಲಿಗರು, ಕೊಲೆನ್ಸೊ ಎರಡನೆಯವರು. ಮರುವರ್ಷ ಕಾಲೇಜಿನ ಫೆಲೋ ಸ್ಥಾನ ಸಿಕ್ಕಿತು. ಆ ಕಾಲದ ಕೇಂಬ್ರಿಜಿನಲ್ಲಿ ಗಣಿತವೂ ಪಾದ್ರಿ ದೀಕ್ಷೆಯೂ ಒಂದೇ ದಾರಿಯ ಎರಡು ಮೆಟ್ಟಿಲು. ಫೆಲೋ ಆಗಿ ಉಳಿಯಬೇಕಾದರೆ ಬಹುಪಾಲು ಮಂದಿ ದೀಕ್ಷೆ ಪಡೆಯಬೇಕಿತ್ತು, ಮದುವೆ ಮಾಡಿಕೊಂಡರೆ ಫೆಲೋಗಿರಿ ಬಿಡಬೇಕಿತ್ತು. ಗಣಿತ ಕಲಿಸುವ ಪಾದ್ರಿ ಅಲ್ಲಿ ಅಪರೂಪವೇನಲ್ಲ.

1830ರ ದಶಕದ ಕೊನೆಗೆ ಅವರು ಹ್ಯಾರೋ ಶಾಲೆಗೆ ಗಣಿತದ ಮೇಷ್ಟ್ರಾಗಿ ಹೋದರು. ಎರಡು ಏಟು ಒಟ್ಟಿಗೆ ಬಿದ್ದವು. ಶಾಲೆಯೇ ಆಗ ಇಳಿಮುಖವಾಗಿತ್ತು, ಮಕ್ಕಳು ಕಡಿಮೆ. ಹುಡುಗರನ್ನು ಮನೆಯಲ್ಲಿಟ್ಟುಕೊಂಡು ಊಟ-ವಸತಿಯ ಹಣದಿಂದ ಬದುಕುವುದು ಅಲ್ಲಿನ ಮೇಷ್ಟ್ರುಗಳ ಪದ್ಧತಿ. ಆ ಮನೆಗೇ ಬೆಂಕಿ ಬಿದ್ದು ಸಾಲ ತಲೆಯ ಮೇಲೆ ಬಂತು. ಅದನ್ನು ತೀರಿಸಲು ಅವರು ಹಿಡಿದ ದಾರಿಗಳು ಕೇಂಬ್ರಿಜಿಗೆ ಮರಳಿ ಪಾಠ ಹೇಳುವುದು ಮತ್ತು ಪಠ್ಯಪುಸ್ತಕ ಬರೆಯುವುದು. 1841ರಲ್ಲಿ ಬೀಜಗಣಿತ, 1843ರಲ್ಲಿ ಅಂಕಗಣಿತ ಬಂದವು, ಮುಂದೆ ತ್ರಿಕೋನಮಿತಿ. ಲಾಂಗ್‌ಮನ್ ಪ್ರಕಾಶಕರು. ಪುಸ್ತಕಗಳು ಇಂಗ್ಲೆಂಡಿನ ಉದ್ದಗಲಕ್ಕೂ ಹರಡಿದವು, ಸಾಲ ತೀರಿತು.

ಆ ಕಾಲದ ಅಂಕಗಣಿತ ಎಂದರೆ ಏನು ಎಂಬುದು ಮುಂದಿನ ಕಥೆಗೆ ಬೇಕು. ಇಂಗ್ಲೆಂಡಿನ ನಾಣ್ಯ ನಮ್ಮ ಹಿರಿಯರ ರೂಪಾಯಿ-ಆಣೆ-ಪೈಯಂತೆಯೇ ಕಾಡುತ್ತಿತ್ತು: 4 ಫಾರ್ದಿಂಗಿಗೆ ಒಂದು ಪೆನ್ನಿ, 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ತೂಕದಲ್ಲಿ 16 ಔನ್ಸಿಗೆ ಪೌಂಡ್, 14 ಪೌಂಡಿಗೆ ಸ್ಟೋನ್, 8 ಸ್ಟೋನಿಗೆ ಹಂಡ್ರೆಡ್‌ವೇಟ್. ಒಂದು ಎಕರೆಗೆ 4,840 ಚದರ ಗಜ. ಹುಡುಗರ ತಲೆ ಕೆಡುತ್ತಿದ್ದುದು ಕೂಡಿಸುವುದರಲ್ಲಲ್ಲ, ಒಂದು ಅಳತೆಯಿಂದ ಇನ್ನೊಂದಕ್ಕೆ ಇಳಿಸುವಾಗ. ಎಲ್ಲೋ ಒಂದು 12ರ ಬದಲು 20ರಿಂದ ಗುಣಿಸಿದರೆ ಕೋಳಿಯ ಬೆಲೆ ಕುದುರೆಯ ಬೆಲೆಯಾಗುತ್ತದೆ. ಅದಕ್ಕೇ ಒಳ್ಳೆಯ ಮೇಷ್ಟ್ರು ತ್ರೈರಾಶಿ ಕಲಿಸುವಾಗ ಉತ್ತರವನ್ನು ಬದುಕಿನ ಪಕ್ಕ ಇಟ್ಟು ನೋಡಲು ಹೇಳುತ್ತಿದ್ದರು: ಇಷ್ಟು ಜನ ಇಷ್ಟು ಜಾಗದಲ್ಲಿ ನಿಲ್ಲಬಹುದೇ? ಒಬ್ಬ ಒಂದು ದಿನಕ್ಕೆ ಇಷ್ಟು ಕೆಲಸ ಮಾಡಬಹುದೇ? ಕೊಲೆನ್ಸೊ ಮುಂದೆ ಬೈಬಲಿನ ಮೇಲೆ ಹಾಕಿದ ಲೆಕ್ಕಗಳಲ್ಲಿ ಇದಕ್ಕಿಂತ ಮೇಲಿನ ಗಣಿತ ಒಂದು ಸಾಲೂ ಇಲ್ಲ.

1846ರಲ್ಲಿ ಸಾರಾ ಫ್ರಾನ್ಸಿಸ್ ಬನ್ಯನ್ ಅವರೊಂದಿಗೆ ಮದುವೆಯಾಯಿತು, ಫೆಲೋಗಿರಿ ಹೋಯಿತು, ನಾರ್ಫೋಕ್‌ನ ಫೋರ್ನ್‌ಸೆಟ್ ಸೇಂಟ್ ಮೇರಿ ಎಂಬ ಹಳ್ಳಿಯ ಚರ್ಚು ಸಿಕ್ಕಿತು. ಏಳು ವರ್ಷ ಅಲ್ಲಿ. 1853ರ ನವೆಂಬರ್ 30ರಂದು ನಟಾಲಿನ ಮೊದಲ ಬಿಷಪ್ ಆಗಿ ಅಭಿಷೇಕ.

ಜೂಲು ಭಾಷೆಗೆ ಇಳಿಸುವಾಗ

1854ರಲ್ಲಿ ಹತ್ತು ವಾರ ಸುತ್ತಾಡಿ ಸೀಮೆ ನೋಡಿಬಂದು, 1855ರಲ್ಲಿ ಸಂಸಾರ ಸಮೇತ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣದ ಹತ್ತಿರ ನೆಲೆಸಿದರು. ಜೊತೆಗೆ ಬಂದವರಲ್ಲಿ ಜರ್ಮನ್ ಭಾಷಾಶಾಸ್ತ್ರಜ್ಞ ವಿಲ್ಹೆಲ್ಮ್ ಬ್ಲೀಕ್ ಒಬ್ಬರು. ಮಿಷನ್ನಿನ ಹೆಸರು ಎಕುಖನ್ಯೇನಿ, ಬೆಳಕಿನ ತಾಣ ಎಂದು ಅರ್ಥ. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು, ಜೂಲು ಹುಡುಗರಿಗೆ ಮೊಳೆ ಜೋಡಿಸಲು ಕಲಿಸಿದರು. ಅಲ್ಲಿ ಅಚ್ಚಿನ ಕೆಲಸ ಕಲಿತ ಮಗೇಮಾ ಫುಜೆ ಮುಂದೆ ತನ್ನ ಜನರ ಚರಿತ್ರೆಯನ್ನು ಜೂಲುವಿನಲ್ಲೇ ಬರೆದರು. ಕೊಲೆನ್ಸೊ ವ್ಯಾಕರಣ ಬರೆದರು, 1861ರಲ್ಲಿ ಜೂಲು-ಇಂಗ್ಲಿಷ್ ನಿಘಂಟು ತಂದರು. ಬಹುಪತ್ನಿತ್ವ ಇರುವಾತ ಕ್ರೈಸ್ತನಾದರೆ ಒಬ್ಬಳನ್ನು ಉಳಿಸಿಕೊಂಡು ಮಿಕ್ಕ ಹೆಂಡಿರನ್ನು ಹೊರಹಾಕಬೇಕೆಂಬ ಮಿಷನರಿಗಳ ನಿಯಮ ಅನ್ಯಾಯ ಎಂದರು. ಬೀದಿಗೆ ಬೀಳುವವರು ಆ ಹೆಂಗಸರು ತಾನೇ. ಅಲ್ಲಿಂದಲೇ ಗೊಣಗಾಟ ಶುರುವಾಗಿತ್ತು.

ಅನುವಾದ ಅವಸರದ ಓದಲ್ಲ. ಪ್ರತಿ ವಾಕ್ಯಕ್ಕೂ ಪಕ್ಕದಲ್ಲಿ ಕುಳಿತ ಜೂಲು ಭಾಷಿಕನಿಗೆ ಅರ್ಥ ಬಿಡಿಸಿ ಹೇಳಬೇಕು, ಆತ ತನ್ನ ಮಾತಿನಲ್ಲಿ ಮರಳಿ ಹೇಳಬೇಕು. ಹಾಗೆ ಕುಳಿತವರು ವಿಲಿಯಂ ಎಂಗಿಡಿ. ಆದಿಕಾಂಡದ ಜಲಪ್ರಳಯ ಬಂದಾಗ ಎಂಗಿಡಿ ಕೇಳಿದರು: ಇದೆಲ್ಲ ನಿಜವೇ? ಬಿಸಿಲ ಸೀಮೆಯ, ಚಳಿ ಸೀಮೆಯ ಮೃಗ ಪಕ್ಷಿಗಳೆಲ್ಲ ಜೋಡಿ ಜೋಡಿಯಾಗಿ ನಾವೆ ಹತ್ತಿದವೇ? ಅಷ್ಟಕ್ಕೂ, ಬೇಟೆಯಾಡಿ ತಿನ್ನುವ ಪ್ರಾಣಿಗಳಿಗೂ ಸೇರಿಸಿ, ನೋಹನು ಮೇವು ಕೂಡಿಟ್ಟನೇ?

ಕೊಲೆನ್ಸೊಗೆ ಉತ್ತರ ಗೊತ್ತಿತ್ತು, ಹೇಳುವುದು ಕಷ್ಟವಾಗಿತ್ತು. ಫ್ರಾನ್ಸಿನ ಓವೆರ್ನ್ ಸೀಮೆಯ ಹಳೆಯ ಜ್ವಾಲಾಮುಖಿ ಗುಡ್ಡಗಳ ಮೇಲೆ ಹಗುರ ಪ್ಯೂಮಿಸ್ ಕಲ್ಲು ಇನ್ನೂ ಹಾಗೇ ಇದೆ, ಪ್ರಳಯದ ನೀರು ಹಾದಿದ್ದರೆ ಕೊಚ್ಚಿಹೋಗಬೇಕಿತ್ತು ಎಂಬ ಭೂವಿಜ್ಞಾನದ ಮಾತನ್ನು ಅವರು ಓದಿದ್ದರು. ದೇವರ ಹೆಸರಿನಲ್ಲಿ ಸುಳ್ಳು ಹೇಳಲಾರೆ ಎಂದು ಬೈಬಲಿನ ಮೊದಲ ಐದು ಗ್ರಂಥಗಳಾದ ಪಂಚಗ್ರಂಥಗಳನ್ನು ಮೊದಲಿನಿಂದ ಓದಲು ಕುಳಿತರು. ಜೂಲುಗಳನ್ನು ಮತಾಂತರಿಸಲು ಹೋದ ಬಿಷಪ್ಪನನ್ನೇ ಜೂಲು ಒಬ್ಬ ಮತಾಂತರಿಸಿದ ಎಂದು ಲಂಡನ್ನಿನ ಪತ್ರಿಕೆಗಳು ಆಮೇಲೆ ನಗಾಡಿದವು. ಎಂಗಿಡಿ ಕೇಳಿದ್ದು ಮಾತ್ರ ಮೇವಿನ ಲೆಕ್ಕ. ದನ ಸಾಕುವವರಿಗೆ ಮೊದಲು ಹೊಳೆಯುವುದೇ ಅದು.

ಲೆಕ್ಕಗಳು

ಆ ಓದಿನಿಂದ ಹುಟ್ಟಿದ ಪುಸ್ತಕದ, 1862ರಲ್ಲಿ ಬಂದ ಮೊದಲ ಭಾಗದಲ್ಲಿ ಕೊಲೆನ್ಸೊ ಜಾಣತನದ ಒಂದು ಬೇಲಿ ಹಾಕಿಕೊಂಡರು: ಪವಾಡಗಳನ್ನು ಮುಟ್ಟುವುದಿಲ್ಲ. ಸಮುದ್ರ ಇಬ್ಭಾಗವಾದದ್ದರ ಬಗ್ಗೆ ತಕರಾರಿಲ್ಲ. ಪವಾಡವೆಂದು ಮೂಲವೇ ಹೇಳದ ಕಡೆ, ಬರೀ ಜನಸಂಖ್ಯೆ, ಜಾಗ, ಸಮಯ, ದನಕರುಗಳ ಲೆಕ್ಕ ಬಂದ ಕಡೆ ಮಾತ್ರ ತಾಳೆ ನೋಡುವುದು.

ಎಲ್ಲದರ ಬೇರು ಒಂದೇ ಸಂಖ್ಯೆ. ಅರಣ್ಯಕಾಂಡ 1ನೇ ಅಧ್ಯಾಯದಂತೆ, ಗುಡಾರದ ಸೇವೆಗೆ ಮೀಸಲಾದ ಲೇವಿ ಕುಲದವರನ್ನು (ಲೇವಿಯರನ್ನು) ಬಿಟ್ಟು, ಇಪ್ಪತ್ತು ವರ್ಷ ದಾಟಿದ ಯುದ್ಧಕ್ಕೆ ಹೋಗಬಲ್ಲ ಗಂಡಸರು 6,03,550. ಹೆಂಗಸರು, ಮಕ್ಕಳು, ಮುದುಕರು ಸೇರಿದರೆ ಕಡಿಮೆಯೆಂದರೂ 20 ಲಕ್ಷ. ಅದೂ ಮರುಭೂಮಿಯಲ್ಲಿ, ಗುಡಾರ ಹೊತ್ತು ನಡೆಯುವ ಜನ.

ಗುಡಾರದ ಸುತ್ತಿನ ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಗಜದಲ್ಲಿ 60ಕ್ಕೆ 30, ಅಂದರೆ 1,800 ಚದರ ಗಜ. ಗುಡಾರವೇ ಹಿಡಿಯುವ 108 ಕಳೆದರೆ 1,692. ಒತ್ತೊತ್ತಾಗಿ ನಿಲ್ಲಿಸಿದರೂ ಸುಮಾರು 5,000 ಜನ.

ಪಸ್ಕಹಬ್ಬದ ಕುರಿ. ಒಂದು ಕುರಿಮರಿಗೆ 10ರಿಂದ 20 ಜನ ಎಂದರೆ ಒಂದೇ ಸಂಜೆ ಒಂದರಿಂದ ಎರಡು ಲಕ್ಷ ಮರಿ ಕೊಯ್ಯಬೇಕು. ಕೊಲೆನ್ಸೊ ನಡುವಿನ ಒಂದೂವರೆ ಲಕ್ಷ ಹಿಡಿದರು. ಅದೂ ವರ್ಷದೊಳಗಿನ ಗಂಡು ಮರಿಯೇ ಆಗಬೇಕು. ಅಷ್ಟು ಗಂಡು ಮರಿಗಳಿರಬೇಕಾದರೆ ಅಷ್ಟೇ ಹೆಣ್ಣು ಮರಿ, ಅವುಗಳ ತಾಯಂದಿರು ಎಲ್ಲ ಸೇರಿ ಮಂದೆ ಎಷ್ಟು ದೊಡ್ಡದಿರಬೇಕು, ಅದಕ್ಕೆ ಎಷ್ಟು ಹುಲ್ಲುಗಾವಲು ಬೇಕು ಎಂದು ಅವರು ಕುರಿ ಸಾಕುವವರನ್ನೇ ಕೇಳಿ ಲೆಕ್ಕ ಹಾಕಿದರು.

ಯಾಜಕರ ಲೆಕ್ಕ ಇಂಗ್ಲೆಂಡನ್ನು ಎಲ್ಲಕ್ಕಿಂತ ಹೆಚ್ಚು ನಗಿಸಿತು, ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು. ಮಗು ಹುಟ್ಟಿದಮೇಲೆ ತಾಯಿ ಸರ್ವಾಂಗಹೋಮಕ್ಕೊಂದು, ದೋಷಪರಿಹಾರಕ್ಕೊಂದು ಬಲಿ ತರಬೇಕು. ಎರಡನೆಯದು ಪಾರಿವಾಳ ಇಲ್ಲವೇ ಬೆಳವ, ಅದರ ಮಾಂಸವನ್ನು ಯಾಜಕರೇ ಪವಿತ್ರ ಸ್ಥಳದಲ್ಲಿ ತಿನ್ನಬೇಕು. ಯಾಜಕರು ಮೋಶೆಯ ಅಣ್ಣ ಆರೋನ ಮತ್ತವನ ಇಬ್ಬರು ಮಕ್ಕಳು, ಒಟ್ಟು ಮೂವರು. ಲಂಡನ್ನಿನ ಲೆಕ್ಕ ಹಿಡಿದರೆ ದಿನಕ್ಕೆ 250ಕ್ಕೂ ಹೆಚ್ಚು ಹೆರಿಗೆ, ಅಂದರೆ 500 ಬಲಿ. ಒಂದಕ್ಕೆ 5 ನಿಮಿಷವೆಂದರೂ 2,500 ನಿಮಿಷ, ಸುಮಾರು 42 ಗಂಟೆ, ಒಂದೇ ದಿನದಲ್ಲಿ. ತಿನ್ನುವುದಾದರೆ ಒಬ್ಬೊಬ್ಬ ಯಾಜಕನ ಪಾಲಿಗೆ ದಿನಕ್ಕೆ 88 ಹಕ್ಕಿ.

ಚೊಚ್ಚಲು ಗಂಡುಮಕ್ಕಳ ಎಣಿಕೆ ಅರಣ್ಯಕಾಂಡ 3ನೇ ಅಧ್ಯಾಯದಲ್ಲಿದೆ: ಒಂದು ತಿಂಗಳಿಗೆ ಮೇಲ್ಪಟ್ಟವರು 22,273. ಒಟ್ಟು ಗಂಡು ಜನ ಸುಮಾರು 9 ಲಕ್ಷ. ಭಾಗಿಸಿದರೆ ಒಬ್ಬ ಚೊಚ್ಚಲಿಗೆ 40 ಗಂಡುಮಕ್ಕಳು. ಹೆಣ್ಣುಮಕ್ಕಳು ಬೇರೆ.

ಕೊನೆಯದು ವಂಶದ ಲೆಕ್ಕ. ಯಾಕೋಬನ 12 ಮಕ್ಕಳಿಗೆ ಸರಾಸರಿ ನಾಲ್ಕೂವರೆ ಗಂಡುಮಕ್ಕಳೆಂದು ಮೂಲದ ಪಟ್ಟಿಯಿಂದಲೇ ತೆಗೆದರು. ಲೇವಿ, ಅವನ ಮಗ ಕೆಹಾತ, ಅವನ ಮಗ ಅಮ್ರಾಮ್, ಅವನ ಮಗ ಮೋಶೆ. ಅದೇ ಸರಾಸರಿ ಮುಂದುವರಿದರೆ ಕೆಹಾತನ ತಲೆಮಾರಿನಲ್ಲಿ 54 ಗಂಡಸರು, ಅಮ್ರಾಮನದರಲ್ಲಿ 243, ಮೋಶೆಯದರಲ್ಲಿ 1,094, ಅದರ ಮುಂದಿನ ಯೆಹೋಶುವನ ತಲೆಮಾರಿನಲ್ಲಿ 4,923. ಆರು ಲಕ್ಷವೆಲ್ಲಿ, ಐದು ಸಾವಿರವೆಲ್ಲಿ! ಆರು ಲಕ್ಷ ಮುಟ್ಟಬೇಕಾದರೆ ಪ್ರತಿಯೊಬ್ಬನಿಗೂ 22-23 ಗಂಡುಮಕ್ಕಳಿರಬೇಕು.

ಯಾವುದು ಗಟ್ಟಿ, ಯಾವುದು ಜೊಳ್ಳು

ಇವೆಲ್ಲ ಒಂದೇ ತೂಕದ ಲೆಕ್ಕಗಳಲ್ಲ. ಕೊಲೆನ್ಸೊ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರು. ಮೇಷ್ಟ್ರಾಗಿ ಅವರು ಮಾಡಿದ ನಿಜವಾದ ತಪ್ಪು ಅದೇ.

19 ಮೈಲಿಯ ಸಾಲು ಎಲ್ಲಕ್ಕಿಂತ ಜೊಳ್ಳು. ಜಾತ್ರೆಗೆ ಊರಿಗೆ ಊರೇ ನೆರೆದಿತ್ತು ಎಂದರೆ ನಾವು ಟೇಪು ಹಿಡಿದು ಬೀದಿ ಅಳೆಯುವುದಿಲ್ಲ. 'ಸಭೆಯೆಲ್ಲ' ಎಂದರೆ ಹಿರಿಯರು, ಮುಖಂಡರು ಎಂದಿರಬಹುದೆಂದು ಎದುರಾಳಿಗಳು ಹೇಳಿದ್ದರಲ್ಲಿ ಹುರುಳಿದೆ. ಲೆಕ್ಕ ಸರಿ, ಇಳಿಸಿಕೊಂಡ ವಾಕ್ಯ ತಪ್ಪು. ಆದರೂ ಓದುಗರ ನೆನಪಿನಲ್ಲಿ ಉಳಿದದ್ದು ಅದೇ, ಟೀಕಾಕಾರರು ಮೊದಲು ಹಿಡಿದದ್ದೂ ಅದನ್ನೇ.

88 ಪಾರಿವಾಳದ ಲೆಕ್ಕದಲ್ಲಿ ಹೋಲಿಕೆಯೇ ತುಸು ಜಾರಿದೆ. 1861ರ ಜನಗಣತಿಯಲ್ಲಿ ಲಂಡನ್ನಿನ ಜನ 28 ಲಕ್ಷ. ಅಲ್ಲಿನ 264 ಹೆರಿಗೆಯನ್ನು ಹಾಗೇ 20 ಲಕ್ಷ ಜನರಿಗೆ ಅಂಟಿಸುವಂತಿಲ್ಲ. ತ್ರೈರಾಶಿ ಹಾಕಿದರೆ ದಿನಕ್ಕೆ 189 ಹೆರಿಗೆ, ಯಾಜಕನಿಗೆ 63 ಹಕ್ಕಿ. ಉತ್ತರದ ಅಂಕಿ ಬದಲಾಯಿತು, ಅಸಾಧ್ಯತೆ ಬದಲಾಗಲಿಲ್ಲ. ಇದಕ್ಕೆ ಎದುರಾಳಿಗಳ ಬಳಿ ಇದ್ದ ಒಳ್ಳೆಯ ಉತ್ತರ ಬೇರೆ: ಆ ಕಟ್ಟಳೆ ಮುಂದೆ ನೆಲೆಗೊಂಡಮೇಲೆ ನಡೆಸಲೆಂದು ಕೊಟ್ಟದ್ದು, ಮರುಭೂಮಿಯಲ್ಲಿ ದಿನಾ ನಡೆಯಿತೆಂದು ಮೂಲ ಹೇಳುವುದಿಲ್ಲ.

ವಂಶದ ಲೆಕ್ಕ ಎಷ್ಟು ಗಟ್ಟಿ ಎಂಬುದು ತಲೆಮಾರಿನ ಎಣಿಕೆಗೆ ಕಟ್ಟುಬಿದ್ದಿದೆ. ಮೋಶೆಯ ವಂಶಾವಳಿಯಲ್ಲಿ ಹೆಸರುಗಳು ಕಡಿಮೆ, ಯೆಹೋಶುವನದು ಪೂರ್ವಕಾಲವೃತ್ತಾಂತದಲ್ಲಿ ಇದಕ್ಕಿಂತ ಉದ್ದವಿದೆ. ಹಾಗಾಗಿ ತಲೆಮಾರು ಬಿಟ್ಟು ವರ್ಷ ಹಿಡಿದು ನೋಡೋಣ. ಐಗುಪ್ತಕ್ಕೆ ಹೋದ ಯಾಕೋಬನ ಮನೆತನದ 70 ಜನ 20 ಲಕ್ಷವಾಗಬೇಕಾದರೆ ಹದಿನೈದು ಸಲ ಇಮ್ಮಡಿಯಾಗಬೇಕು. ಐಗುಪ್ತದಲ್ಲಿದ್ದದ್ದು ವಿಮೋಚನಕಾಂಡ ಹೇಳುವಂತೆ 430 ವರ್ಷ ಎಂದರೆ 29 ವರ್ಷಕ್ಕೊಮ್ಮೆ ಇಮ್ಮಡಿ. ಅದಕ್ಕೆ ಮೊದಲಿನ ಕಾನಾನ್ ಸೀಮೆಯ ವಾಸವನ್ನೂ ಅದರಲ್ಲೇ ಸೇರಿಸುವ ಹಳೆಯ ವಾಡಿಕೆಯಂತೆ ಐಗುಪ್ತದ ಪಾಲಿಗೆ 215 ವರ್ಷ ಬಿಟ್ಟರೆ ಹದಿನಾಲ್ಕೂವರೆ ವರ್ಷಕ್ಕೊಮ್ಮೆ. ಮೊದಲನೆಯದು ಲಸಿಕೆ, ಔಷಧ ಬಂದಮೇಲೆ ಇಪ್ಪತ್ತನೇ ಶತಮಾನದಲ್ಲಿ ಕೆಲವು ದೇಶ ಕಂಡ ವೇಗ, ಎರಡನೆಯದು ಯಾವ ಕಾಲಕ್ಕೂ ಒಗ್ಗದ್ದು. ಕೊಲೆನ್ಸೊ 215ನ್ನೇ ಹಿಡಿದು ವಾದಿಸಿದರು.

ಚೊಚ್ಚಲಿನ ಲೆಕ್ಕ ಮಾತ್ರ ಅಲುಗುವುದಿಲ್ಲ. ಊಹೆ ತೀರ ಕಡಿಮೆ ಬೇಕಾದ ಲೆಕ್ಕ ಅದು, ಆಧಾರವಾದ 6,03,550 ಮತ್ತು 22,273 ಎರಡೂ ಒಂದೇ ಗ್ರಂಥದವು. ಐಗುಪ್ತ ಬಿಟ್ಟಮೇಲೆ ಹುಟ್ಟಿದ ಚೊಚ್ಚಲುಗಳನ್ನಷ್ಟೇ ಎಣಿಸಿದ್ದು ಎಂಬ ಸಮಾಧಾನ ಒಂದಿತ್ತು. ಹದಿಮೂರು ತಿಂಗಳಲ್ಲಿ, ದಿನಕ್ಕೆ 189ರಂತೆ, 75 ಸಾವಿರ ಹೆರಿಗೆ. ಅರ್ಧ ಗಂಡು. ಐದರಲ್ಲೊಂದು ಚೊಚ್ಚಲು ಎಂದರೆ ಏಳೂವರೆ ಸಾವಿರ. 22,273ಕ್ಕೆ ಇನ್ನೂ ಬಹಳ ದೂರ. ಮೂಲವೂ 'ತಿಂಗಳಿಗೆ ಮೇಲ್ಪಟ್ಟವರೆಲ್ಲ' ಎನ್ನುತ್ತದೆಯೇ ಹೊರತು ಮೇಲಿನ ಮಿತಿ ಹಾಕುವುದಿಲ್ಲ. ಅದೇ ಅಧ್ಯಾಯದಲ್ಲಿ ಲೇವಿಯರ ಮೂರು ಮನೆತನ 7,500, 8,600, 6,200 ಎಂದಿದೆ. ಕೂಡಿಸಿದರೆ 22,300, ಮೂಲದ ಮೊತ್ತ 22,000. ಯೆಹೂದಿ ಪಂಡಿತರು ಶತಮಾನಗಳ ಹಿಂದೆಯೇ ಇದನ್ನು ಕಂಡು, ಆ 300 ಜನ ತಾವೇ ಚೊಚ್ಚಲಾದ್ದರಿಂದ ಬಿಟ್ಟರು ಎಂದು ವಿವರಿಸಿದ್ದರು. ಧರ್ಮಗ್ರಂಥವನ್ನು ಕೂಡಿಸಿ ಕಳೆದು ಓದುವುದು ಕೊಲೆನ್ಸೊ ಹುಟ್ಟುಹಾಕಿದ ದುರಭ್ಯಾಸವೇನಲ್ಲ.

ಇಂಗ್ಲೆಂಡಿನ ಪಂಡಿತರಲ್ಲಿ ಹಲವರಿಗೆ ಇದು ಒರಟು ಕೆಲಸವಾಗಿ ಕಂಡಿತು. ಓದಿದವರಿಗೆ ಹೊಸದಲ್ಲ, ಓದದವರಿಗೆ ಬೇಡದ್ದು ಎಂಬ ಧಾಟಿಯಲ್ಲಿ ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಲ್ಡ್ ಟೀಕಿಸಿದರು. ನಿಜವಾಗಿ ಪ್ರಯೋಜನ ಪಡೆದವರು ಹಾಲೆಂಡಿನ ಬೈಬಲ್ ವಿದ್ವಾಂಸ ಅಬ್ರಹಾಂ ಕ್ಯೂನೆನ್. ಪಂಚಗ್ರಂಥಗಳಲ್ಲಿ ಬೇರೆ ಬೇರೆ ಕಾಲದ ಬರಹಗಳು ಹೆಣೆದುಕೊಂಡಿವೆ ಎಂದು ವಿದ್ವಾಂಸರು ಆಗಲೇ ಬಿಡಿಸುತ್ತಿದ್ದರು. ಅದರಲ್ಲಿ ಅಳತೆ, ಸಂಖ್ಯೆ, ದಿನಾಂಕ ತುಂಬಿದ ಪದರವೇ ಎಲ್ಲಕ್ಕಿಂತ ಹಳೆಯದು, ನಂಬಲರ್ಹವಾದದ್ದು ಎಂದು ಬಹುಮಂದಿ ಎಣಿಸಿದ್ದರು. ಕೊಲೆನ್ಸೊ ಉರುಳಿಸಿದ ಲೆಕ್ಕಗಳು ಹೆಚ್ಚಾಗಿ ಆ ಪದರದವೇ. ನಿಖರವಾಗಿ ಕಂಡದ್ದೇ ಹೆಚ್ಚು ಕಲ್ಪಿತ ಎಂದಾಯಿತು. ಯಾಜಕರ ಆ ಪದರ ಎಲ್ಲಕ್ಕಿಂತ ಈಚಿನದು ಎಂಬ ಕಡೆಗೆ ವಾದ ತಿರುಗುವುದರಲ್ಲಿ ಕೊಲೆನ್ಸೊ ಅವರ ಪಾಲಿದೆಯೆಂದು ಕ್ಯೂನೆನ್ ಒಪ್ಪಿಕೊಂಡರು.

ಬಿಷಪ್ಪನನ್ನು ತೆಗೆಯುವವರು ಯಾರು

ಕೊಲೆನ್ಸೊ ರಾಜೀನಾಮೆ ಕೊಡಬೇಕೆಂದು ಇಂಗ್ಲೆಂಡಿನ ಬಿಷಪ್ಪರಲ್ಲಿ ಬಹುಪಾಲು ಮಂದಿ ಕೇಳಿದರು. ಅವರು ಕೊಡಲಿಲ್ಲ. ಅವರ ಮೇಲಿನವರು ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ. 1863ರ ಕೊನೆಗೆ ಕೇಪ್‌ಟೌನಿನಲ್ಲಿ ವಿಚಾರಣೆ ನಡೆಯಿತು. ಕೊಲೆನ್ಸೊ ಆಗ ಇಂಗ್ಲೆಂಡಿನಲ್ಲಿದ್ದರು. ಈ ವಿಚಾರಣೆಗೆ ಅಧಿಕಾರವೇ ಇಲ್ಲ ಎಂಬ ಅವರ ಆಕ್ಷೇಪವನ್ನು ಬ್ಲೀಕ್ ಓದಿ ಹೇಳಿದರು. ಡಿಸೆಂಬರಿನಲ್ಲಿ ಪದಚ್ಯುತಿಯ ತೀರ್ಪು.

ಕೊಲೆನ್ಸೊ ವಸಾಹತುಗಳ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದರು. 1865ರ ಮಾರ್ಚ್ 20ರ ತೀರ್ಪಿನಲ್ಲಿ ಬೈಬಲಿನ ಮಾತೇ ಬರಲಿಲ್ಲ. ಇಬ್ಬರೂ ಬಿಷಪ್ಪರಾದದ್ದು ರಾಣಿಯ ನೇಮಕ ಪತ್ರಗಳಿಂದ. ಸ್ವಂತ ಶಾಸನಸಭೆಯಿರುವ ವಸಾಹತಿನಲ್ಲಿ ಒಬ್ಬ ಬಿಷಪ್ಪನ ಮೇಲೆ ಇನ್ನೊಬ್ಬನಿಗೆ ಶಿಕ್ಷಿಸುವ ಅಧಿಕಾರವನ್ನು ಕಾನೂನಿನ ಬೆಂಬಲವಿಲ್ಲದ ಬರೀ ನೇಮಕ ಪತ್ರದಿಂದ ಕೊಡಲು ರಾಣಿಗೂ ಬರುವುದಿಲ್ಲ, ಆದ್ದರಿಂದ ಗ್ರೇ ತೀರ್ಪು ಶೂನ್ಯ. ಸಂಬಳ ಕೊಡುತ್ತಿದ್ದ ನಿಧಿಯ ಧರ್ಮದರ್ಶಿಗಳು ಅದನ್ನು ತಡೆಹಿಡಿದಿದ್ದರು. 1866ರಲ್ಲಿ ಇನ್ನೊಂದು ದಾವೆ, ಅದರಲ್ಲೂ ಗೆಲುವು. ಗ್ರೇ ಬಹಿಷ್ಕಾರ ಹಾಕಿದರು. 1869ರಲ್ಲಿ ಡಬ್ಲ್ಯು. ಕೆ. ಮ್ಯಾಕ್ರೋರಿ ಅವರನ್ನು 'ಮಾರಿಟ್ಸ್‌ಬರ್ಗಿನ ಬಿಷಪ್' ಎಂಬ ಬೇರೆ ಹೆಸರಿನಲ್ಲಿ ತಂದು ಕೂರಿಸಿದರು. ಒಂದೇ ಪಟ್ಟಣದಲ್ಲಿ ಇಬ್ಬರು ಬಿಷಪ್ಪರು: ಕಾನೂನು, ಆಸ್ತಿ, ಸಂಬಳ ಒಬ್ಬರ ಕಡೆ, ಪಾದ್ರಿಗಳಲ್ಲಿ ಬಹುಪಾಲು ಇನ್ನೊಬ್ಬರ ಕಡೆ. ಜಗತ್ತಿನ ಆಂಗ್ಲಿಕನ್ ಬಿಷಪ್ಪರೆಲ್ಲ ಸೇರುವ ಲ್ಯಾಂಬೆತ್ ಸಮ್ಮೇಳನ 1867ರಲ್ಲಿ ಮೊದಲ ಬಾರಿಗೆ ನಡೆಯಲು ಈ ರಗಳೆಯೇ ಮುಖ್ಯ ಕಾರಣ. ಅದರ ಅಧ್ಯಕ್ಷತೆ ವಹಿಸಿದ ಆರ್ಚ್‌ಬಿಷಪ್ ಚಾರ್ಲ್ಸ್ ಲಾಂಗ್ಲಿ ಒಂದು ಕಾಲಕ್ಕೆ ಅದೇ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು, ಕೊಲೆನ್ಸೊ ಅಲ್ಲಿಗೆ ಹೋಗುವ ಮೊದಲು.

ನಟಾಲಿನ ಬಿಳಿಯರಲ್ಲಿ ಅನೇಕರು ಇಷ್ಟರವರೆಗೆ ಕೊಲೆನ್ಸೊ ಪಕ್ಷದಲ್ಲೇ ಇದ್ದರು. ಅವರನ್ನು ಕಳೆದುಕೊಂಡದ್ದು 1873ರಲ್ಲಿ. ಹ್ಲೂಬಿ ಕುಲದ ಮುಖಂಡ ಲಂಗಾಲಿಬಲೇಲೆ ಬಂದೂಕುಗಳನ್ನು ನೋಂದಾಯಿಸಲಿಲ್ಲವೆಂದು ಸರ್ಕಾರ ದಂಡೆತ್ತಿ ಹೋಯಿತು, ಅವನನ್ನು ಹಿಡಿದು ವಕೀಲನೂ ಇಲ್ಲದ ವಿಚಾರಣೆ ನಡೆಸಿ ರಾಬೆನ್ ದ್ವೀಪಕ್ಕೆ ಅಟ್ಟಿತು. ನಟಾಲಿನ ದೇಶೀಯರ ವ್ಯವಹಾರಗಳ ಕಾರ್ಯದರ್ಶಿ ಥಿಯೋಫಿಲಸ್ ಶೆಪ್‌ಸ್ಟನ್ ಕೊಲೆನ್ಸೊ ಅವರ ಇಪ್ಪತ್ತು ವರ್ಷದ ಗೆಳೆಯ. ಕೊಲೆನ್ಸೊ ಸಾಕ್ಷಿಗಳ ಹೇಳಿಕೆಗಳನ್ನು ಜೂಲುವಿನಲ್ಲೇ ಬರೆದುಕೊಂಡು, ಒಂದರ ಪಕ್ಕ ಒಂದಿಟ್ಟು, ಸರ್ಕಾರದ ಇಂಗ್ಲಿಷ್ ದಾಖಲೆಯೊಂದಿಗೆ ಸಾಲು ಸಾಲಾಗಿ ತಾಳೆ ನೋಡಿದರು. ಅನುವಾದದಲ್ಲಿ ಮಾತು ತಿರುಚಿದ್ದು, ಬೇಕಾದ ಸಾಕ್ಷಿಯನ್ನು ಕರೆಯದೇ ಬಿಟ್ಟಿದ್ದು ಹೊರಬಿತ್ತು. 1858ರಲ್ಲಿ ಇನ್ನೊಬ್ಬ ಮುಖಂಡನನ್ನು ಮಾತುಕತೆಗೆ ಕರೆದು, ಬಂದೂಕು ಬಚ್ಚಿಟ್ಟುಕೊಂಡು ಹಿಡಿಯಲು ಹೋದದ್ದು ಶೆಪ್‌ಸ್ಟನ್ನರ ತಮ್ಮ ಜಾನ್ ಎಂಬುದೂ ಬಯಲಾಯಿತು. 1874ರಲ್ಲಿ ಇಂಗ್ಲೆಂಡಿಗೆ ಹೋಗಿ ದಾಖಲೆಗಳನ್ನು ಮಂತ್ರಿ ಲಾರ್ಡ್ ಕಾರ್ನಾರ್ವನ್ ಮುಂದಿಟ್ಟರು. ಮಂತ್ರಿಗಳು ನಟಾಲಿನ ಲೆಫ್ಟಿನೆಂಟ್ ಗವರ್ನರ್ ಬೆಂಜಮಿನ್ ಪೈನ್ ಅವರನ್ನು ವಾಪಸ್ ಕರೆಸಿಕೊಂಡರು, ಲಂಗಾಲಿಬಲೇಲೆಯನ್ನು ದ್ವೀಪದಿಂದ ಬಿಡಿಸಿ ಕೇಪ್ ಸೀಮೆಯಲ್ಲೇ ಕಾವಲಿನಲ್ಲಿಟ್ಟರು. ಶೆಪ್‌ಸ್ಟನ್ನರೊಂದಿಗಿನ ಗೆಳೆತನ ಮುರಿಯಿತು. ಮೋಶೆಯ ಅಂಕಿ ಅಲ್ಲಾಡಿಸಿದಾಗ ಸುಮ್ಮನಿದ್ದ ರೈತರಿಗೆ ಕರಿಯರ ಸಾಕ್ಷ್ಯ ಎಣಿಸಿದ್ದು ಸಹಿಸಲಾಗಲಿಲ್ಲ.

1879ರ ಜೂಲು ಯುದ್ಧದಲ್ಲೂ ಅದೇ ಕ್ರಮ. ಸರ್ಕಾರ ಹೊರತಂದ ದಾಖಲೆ ಸಂಪುಟಗಳ ಮಾತುಗಳನ್ನೇ ಎತ್ತಿ, ಅಡಿಯಲ್ಲಿ ಟಿಪ್ಪಣಿ ಹಾಕಿ, ಸ್ವಂತ ಅಚ್ಚುಕೂಟದಲ್ಲಿ ಮುದ್ರಿಸಿ ಹಂಚಿದರು. ಸೆರೆಯಾದ ಅರಸ ಸೆಟ್ಷ್ವಾಯೋನನ್ನು 1880ರಲ್ಲಿ ಕೇಪ್‌ಟೌನಿಗೆ ಹೋಗಿ ಕಂಡರು. ಜೂಲುಗಳು ಅವರನ್ನು ಸೊಬಂತು, ಜನರ ತಂದೆ, ಎಂದು ಕರೆದರು. 1883ರ ಜೂನ್ 20ರಂದು ಡರ್ಬನ್ನಿನಲ್ಲಿ ತೀರಿಕೊಂಡರು. ಸಮಾಧಿ ಪೀಟರ್‌ಮಾರಿಟ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಚರ್ಚಿನೊಳಗೆ, ಬಲಿಪೀಠದ ಮುಂದೆ. ಮರುವರ್ಷ ಬಯಲ ಬೆಂಕಿಗೆ ಅವರ ಮನೆ ಸುಟ್ಟುಹೋಯಿತು. ಮಗಳು ಹ್ಯಾರಿಯೆಟ್ ಅರಸು ಮನೆತನದ ಪರವಾಗಿ ದಶಕಗಳ ಕಾಲ ಅರ್ಜಿ, ದಾವೆಗಳನ್ನು ಮುಂದುವರಿಸಿದರು.

6,03,550ಕ್ಕೆ ಇನ್ನೊಂದು ಓದು

1906ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಹೊಸ ದಾರಿ ತೋರಿಸಿದರು. ಹೀಬ್ರೂವಿನ 'ಎಲೆಫ್' ಪದಕ್ಕೆ ಸಾವಿರ ಎಂಬಂತೆಯೇ ಮನೆತನ, ಗುಂಪು ಎಂಬ ಅರ್ಥವೂ ಉಂಟು. ಹನ್ನೆರಡು ಕುಲದ ಅಂಕಿಗಳಲ್ಲಿ ಸಾವಿರಗಳನ್ನೂ ನೂರುಗಳನ್ನೂ ಬೇರೆ ಬೇರೆ ಕೂಡಿಸಿದರೆ 598 ಎಲೆಫ್, ಮೇಲೆ 5,550. 598 ಡೇರೆಗಳ ಮನೆತನ, ಒಟ್ಟು 5,550 ಜನ ಎಂದು ಓದಿಕೊಂಡರೆ ಮರುಭೂಮಿಗೆ ಒಗ್ಗುವ ಸಂಖ್ಯೆ ಬರುತ್ತದೆ. ಕೊಲೆನ್ಸೊ ವಂಶಾವಳಿಯಿಂದ ತೆಗೆದ 4,923ಕ್ಕೆ ಇದು ಹತ್ತಿರ. ಆದರೆ ಅವರು ಎಣಿಸಿದ್ದು ಗಂಡಸರನ್ನು ಮಾತ್ರ, ಹಾಗಾಗಿ ಹೋಲಿಕೆ ಕಾಕತಾಳೀಯವೇ.

ಪೆಟ್ರಿಯ ಓದಿಗೆ ಅಡ್ಡ ನಿಲ್ಲುವುದು ಬೆಳ್ಳಿ. ವಿಮೋಚನಕಾಂಡ 38ನೇ ಅಧ್ಯಾಯದಲ್ಲಿ ಎಣಿಕೆಗೆ ಸೇರಿದ ಪ್ರತಿಯೊಬ್ಬನಿಂದ ಅರ್ಧ ಶೆಕೆಲ್ ಬೆಳ್ಳಿ ವಸೂಲಾದ ಲೆಕ್ಕವಿದೆ (ಶೆಕೆಲ್, ತಲಾಂತು ಎಂದರೆ ಆ ಕಾಲದ ತೂಕಗಳು). ಕೊಟ್ಟವರು ಅಲ್ಲಿಯೂ 6,03,550. ತಿಂಗಳುಗಳ ಅಂತರದ ಎರಡು ಎಣಿಕೆಯಲ್ಲಿ ಒಬ್ಬನೂ ಹೆಚ್ಚಿಲ್ಲ, ಒಬ್ಬನೂ ಕಡಿಮೆಯಿಲ್ಲ ಎಂಬುದೂ ಕೊಲೆನ್ಸೊ ಎತ್ತಿದ ತಕರಾರುಗಳಲ್ಲಿ ಒಂದು. ಅರ್ಧದಂತೆ 3,01,775 ಶೆಕೆಲ್. ತಲಾಂತಿಗೆ 3,000 ಶೆಕೆಲಿನಂತೆ 100 ತಲಾಂತು, ಮೇಲೆ 1,775 ಶೆಕೆಲ್. ಮೂಲದಲ್ಲಿ ಬರೆದಿರುವುದೂ ಅಷ್ಟೇ, ಒಂದು ಕಾಸು ಆಚೀಚೆಯಿಲ್ಲ. ಬರೆದವನು ಎಲೆಫನ್ನು ಮನೆತನವೆಂದು ಎಣಿಸಿದ್ದರೆ ಈ ಗುಣಾಕಾರ ಹುಟ್ಟುತ್ತಿರಲಿಲ್ಲ, ಆರು ಲಕ್ಷವನ್ನು ಆರು ಲಕ್ಷವೆಂದೇ ಹಿಡಿದು ಅವನೂ ಕುಳಿತು ತಾಳೆ ಹಾಕಿದ್ದಾನೆ. ನೂರು ತಲಾಂತು ಗುಡಾರದ ನೂರು ಗದ್ದಿಗೇಕಲ್ಲುಗಳಿಗೆ, ಒಂದಕ್ಕೊಂದರಂತೆ. ಮಿಕ್ಕ 1,775 ಶೆಕೆಲ್ ಕಂಬಗಳ ಕೊಂಡಿಗೆ.